ಅರಿಶಿನವಲ್ಲದ ಹಳದಿ

ನಾನು ಅನ್ನ ತಿಂದದ್ದು ನೀಲಿ ಬಣ್ಣದಿಂದ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಕಾರ್ಖಾನೆಯಲ್ಲಿ ಶೇಡ್ ನೋಡುವುದು ನನ್ನ ಕೆಲಸ. ಹೊರಗಿನವರಿಗೆ ಇದೊಂದು ಕೆಲಸವೆಂದೇ ಅನಿಸುವುದಿಲ್ಲ. ಜೀನ್ಸ್ ಎಂದರೆ ನೀಲಿ, ಅದರಲ್ಲಿ ನೋಡುವುದೇನು ಎಂದು ಕೇಳುತ್ತಾರೆ. ಒಂದೇ ಮಿಲ್ಲಿನಿಂದ, ಒಂದೇ ಲಾರಿಯಲ್ಲಿ ಬಂದ ಎರಡು ಥಾನುಗಳ, ಎಂದರೆ ಬಟ್ಟೆಯ ಸುರುಳಿಗಳ, ನೀಲಿ ಒಂದೇ ಆಗಿರುವುದಿಲ್ಲ. ಒಂದು ಕಾಲಿನ ಬಟ್ಟೆ ಈ ಥಾನಿನದು, ಇನ್ನೊಂದು ಕಾಲಿನದು ಆ ಥಾನಿನದು ಆಯಿತೆಂದುಕೊಳ್ಳಿ. ಹೊಲಿಯುವಾಗ ಯಾರಿಗೂ ಗೊತ್ತಾಗುವುದಿಲ್ಲ. ಬಳ್ಳಾರಿಗೆ ಹೋಗಿ ವಾಷಿಂಗ್ ಆಗಿ ಬಂದ ಮೇಲೆ ನೋಡಿದರೆ ಇಬ್ಬರ ಕಾಲು ತಂದು ಒಬ್ಬನಿಗೆ ಜೋಡಿಸಿದ ಹಾಗೆ ಇರುತ್ತದೆ. ಹಾಗಾಗದಂತೆ ಕತ್ತರಿಸಿದ ತುಂಡುಗಳನ್ನು ಬಣ್ಣ ನೋಡಿ ಬೇರೆ ಬೇರೆ ಕಟ್ಟು ಕಟ್ಟುವವನು ನಾನು.

ಅದಕ್ಕೊಂದು ಪದ್ಧತಿಯಿದೆ. ಟ್ಯೂಬ್‌ಲೈಟಿನ ಕೆಳಗೆ ಶೇಡ್ ನೋಡುವವನನ್ನು ನಾನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಳಗಿನ ಹೊತ್ತು, ಬಿಸಿಲು ನೇರ ಬೀಳದ ಕಡೆ, ಜೇಬಿಗೆ ಹಾಕುವ ಬಿಳಿ ಬಟ್ಟೆಯನ್ನು ಹಾಸಿ ಅದರ ಮೇಲೆ ಎರಡು ತುಂಡುಗಳ ಅಂಚು ಕೂಡಿಸಿ ಇಡಬೇಕು. ಒಮ್ಮೆ ನೋಡಬೇಕು. ಮುಖ ತಿರುಗಿಸಿ ಸುಣ್ಣದ ಗೋಡೆ ನೋಡಬೇಕು. ಮತ್ತೆ ಬಂದು ನೋಡಬೇಕು. ಒಂದೇ ಸಮನೆ ದಿಟ್ಟಿಸುತ್ತಾ ನಿಂತರೆ ಕಣ್ಣು ಒಗ್ಗಿಹೋಗಿ, ಎರಡೂ ಒಂದೇ ಎಂದು ಒಪ್ಪಿಕೊಂಡುಬಿಡುತ್ತದೆ. ಈಗಿನವರು ಫೋನಿನಲ್ಲಿ ಫೋಟೋ ತೆಗೆದು ಹೋಲಿಸುತ್ತಾರೆ. ಅವರಿಗೊಂದು ನಮಸ್ಕಾರ.

ನಮ್ಮ ಕಟಿಂಗ್ ಮಾಸ್ಟರಿಗೂ ನನಗೂ ಊಟದ ಹೊತ್ತಿನಲ್ಲಿ ಒಂದು ಹಳೆಯ ಜಗಳವಿತ್ತು. ಗೋದಾಮಿನ ಬಾಗಿಲು ಹಾಕಿ ದೀಪ ಆರಿಸಿದ ಮೇಲೆ ಒಳಗಿರುವ ಥಾನು ನೀಲಿಯೋ ಅಲ್ಲವೋ ಎಂಬುದು ಜಗಳದ ವಿಷಯ.

"ಕತ್ತಲಾಗ ಯಾವ ನೀಲಿರಿ ಶೇಡ್ ಮಾಸ್ಟ್ರೇ? ಬೆಳಕು ಬಿದ್ರ ನೀಲಿ, ನೋಡಾವ ಇದ್ರ ನೀಲಿ. ಇಲ್ಲಾಂದ್ರ ಬರೇ ಬಟ್ಟಿ" ಎಂದು ಕಟಿಂಗ್ ಮಾಸ್ಟರ್ ಟಿಫನ್ ಕ್ಯಾರಿಯರ್ ಬಿಚ್ಚುತ್ತಾ ಹೇಳುತ್ತಿದ್ದ.

"ಹಂಗಾದ್ರ ಬಾಗಲಾ ತೆಗೆದ ಕೂಡ್ಲೇ ಎಲ್ಲಿಂದ ಬರ್ತೈತಿ ಅದು? ಓಡಿ ಬಂದು ಅಂಟ್ಕೊಂತೈತೇನು?" ಎಂದು ನಾನು ರೇಗುತ್ತಿದ್ದೆ. ನಾನು ನೋಡದಿದ್ದರೂ ಶೇಡ್ ಇದ್ದೇ ಇದೆ. ನಾನು ತಪ್ಪು ಕಟ್ಟು ಕಟ್ಟಿದರೂ ಅದು ತನ್ನ ಪಾಡಿಗೆ ತಾನು ಸರಿಯಾಗಿದೆ. ವಾಷಿಂಗಿನಲ್ಲಿ ಹೊರಗೆ ಬಂದೇ ಬರುತ್ತದೆ. ಇದು ನನ್ನ ನಂಬಿಕೆಯಾಗಿತ್ತು. ಇದನ್ನು ನಂಬದಿದ್ದರೆ ನನ್ನ ಕೆಲಸಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಮನೆಯಲ್ಲಿ ಇದೇ ಜಗಳ ಬೇರೆ ರೂಪದಲ್ಲಿ ನಡೆಯುತ್ತಿತ್ತು. ನನ್ನ ಹೆಂಡತಿ ಮಡಕಶಿರದ ಕಡೆಯ ಹಳ್ಳಿಯವಳು. ತವರಿನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಹುಳು ಇರುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ರೇಷ್ಮೆ ಇಲಾಖೆಯವರು ಸೋಂಕು ತಗಲುತ್ತದೆ ಎಂದು ಕಾರಣ ಕೊಡುತ್ತಾರೆ. ಅವಳ ಅವ್ವ ಕೊಡುತ್ತಿದ್ದ ಕಾರಣ ಬೇರೆ. ಹೊಸಬರ ಕಣ್ಣು ಬಿದ್ದರೆ, ಅಲ್ಲಿಯ ತನಕ ಚೆನ್ನಾಗಿ ಸೊಪ್ಪು ಮೇಯುತ್ತಿದ್ದ ಹುಳು ಮರುದಿನ ತಲೆ ಎತ್ತುವುದಿಲ್ಲ. ಹೆಂಡತಿ ಇದನ್ನು ಹಾಲಿನ ಜೊತೆ ಕುಡಿದು ಬಂದವಳು. ನಮ್ಮ ಕಡೆಗೆ ಬಂದು ಇಷ್ಟು ಕಾಲವಾದರೂ ಅವಳ ಮಾತೂ ಬದಲಾಗಲಿಲ್ಲ, ಈ ನಂಬಿಕೆಯೂ ಬದಲಾಗಲಿಲ್ಲ.

ಒಂದು ಸಂಜೆ ಮಾಳಿಗೆಯ ಮೇಲೆ ಕುಳಿತು ಎದುರಿನ ಕೋಟೆ ಬೆಟ್ಟ ತೋರಿಸಿ ನಾನು ಕಣ್ಣು ಮುಚ್ಚಿಕೊಂಡೆ. "ನೋಡು, ನಾ ಕಣ್ಣು ಮುಚ್ಚೀನಿ. ಬೆಟ್ಟ ಹೋತೇನು?"

"ಬೆಟ್ಟಕ್ಕೇನು ಜೀವ ಐತಾ?" ಎಂದಳು. "ಜೀವ ಇರೋದಕ್ಕೆ ಕಣ್ರೀ ಕಣ್ಣು ತಾಗೋದು. ಕಲ್ಲಿಗೆ ಏನಾಗುತ್ತೆ? ನೋಡಿ ನೋಡಿ ನಿಮ್ಮ ಕಣ್ಣೇ ಸವೆಯುತ್ತೆ ಅಷ್ಟೆ."

ನಾನು ಕಣ್ಣು ತೆರೆದೆ. ಅವಳು ಗೆದ್ದೆನೆಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೀಗೆ ನಗುತ್ತಾ ಆಡುತ್ತಿದ್ದ ಈ ವಾದದ ಮಧ್ಯಕ್ಕೆ ಕೊನೆಗೆ ಅವಳ ಜೀವವೇ ಬಂದು ಕುಳಿತಿತು. ಅದನ್ನೇ ಇಲ್ಲಿ ಬರೆಯುತ್ತಿರುವುದು.

ಅವಳಿಗೆ ಅರಿಶಿನದ ಮೋಹ. ಸ್ನಾನವಾದ ಮೇಲೆ ಮುಖಕ್ಕೆ, ಕುತ್ತಿಗೆಗೆ, ಮೊಣಕೈಯವರೆಗೆ, ಪಾದಕ್ಕೆ ಹಚ್ಚಲೇಬೇಕು. ಓಣಿಯ ಹೆಂಗಸರು ಇತ್ತೀಚೆಗೆ ಕ್ರೀಮಿಗೆ ಬಂದರೂ ಇವಳು ಬಿಡಲಿಲ್ಲ. ಆ ಬೇಸಿಗೆಯಲ್ಲಿ ಅವಳಿಗೆ ಮೈಯೆಲ್ಲಾ ನವೆ ಶುರುವಾಯಿತು. ಸೆಕೆಗೆ ಬೆವರುಸಾಲೆ ಎದ್ದಿರಬೇಕು ಎಂದುಕೊಂಡೆವು. ನವೆಗೆ ಮದ್ದೂ ಅರಿಶಿನವೇ ಅಲ್ಲವೇ? ಇನ್ನಷ್ಟು ಹಚ್ಚಿದಳು. ಸ್ವಲ್ಪ ದಿನಕ್ಕೆ, ಈ ಅರಿಶಿನ ಎಷ್ಟು ತೊಳೆದರೂ ಹೋಗುತ್ತಿಲ್ಲ ಎಂದು ದೂರತೊಡಗಿದಳು. ಸಂತೆಯ ಅಂಗಡಿಯವನು ಏನೋ ಬಣ್ಣ ಬೆರೆಸಿದ್ದಾನೆ ಎಂದು ನಮಗಿಬ್ಬರಿಗೂ ಖಾತ್ರಿಯಾಯಿತು. ಬಣ್ಣದ ವಿಷಯದಲ್ಲಿ ನನಗೆ ಮೋಸ ಮಾಡುವುದುಂಟೇ? ನಾನೇ ಹೋಗಿ ಜಗಳಕ್ಕೆ ನಿಂತೆ.

"ಅಸಲಿ ಸರಕ್ರಿ ಇದು. ಬಣ್ಣ ಬಿಡವಲ್ದು ಅಂದ್ರ ಖುಷಿ ಪಡಬೇಕ್ರಿ ನೀವು. ಅದಕ್ಕೂ ಜಗಳ ಮಾಡಾಕ ಬಂದೀರಲ್ರೀ" ಎಂದ ಅವನು.

ನಾನು ಅವನ ತಕ್ಕಡಿಯ ಮುಂದೆ ಆ ಪೊಟ್ಟಣವನ್ನು ಕುಕ್ಕಿ ಬಂದೆ. ಬೇರೆ ಅಂಗಡಿಯ ಅರಿಶಿನ ತಂದೆವು. ಅದೂ ಹೋಗಲಿಲ್ಲ. ಈ ಕಾಲದಲ್ಲಿ ಎಲ್ಲರೂ ಕಳ್ಳರು ಎಂದು ತೀರ್ಮಾನಿಸಿ ಸುಮ್ಮನಾದೆವು.

ಆ ದಿನಗಳಲ್ಲೇ ಕಾರ್ಖಾನೆಯಲ್ಲಿ ನನ್ನ ಮಾನ ಹೋಯಿತು. ನಾನು ಕಟ್ಟಿದ ಕಟ್ಟುಗಳು ಹೊಲಿಗೆಯಾಗಿ, ಬಳ್ಳಾರಿಯಲ್ಲಿ ಒಗೆಸಿಕೊಂಡು ಬಂದಾಗ ಕಾಲಿಗೊಂದು ಬಣ್ಣ. ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಪ್ಯಾಂಟನ್ನು ಎತ್ತಿ ಹಿಡಿದು, "ಮಾಸ್ಟ್ರೇ, ಕಣ್ಣು ಒಮ್ಮೆ ತೋರಿಸ್ಕೊಂಡ್ ಬರ್ರಿ. ವಯಸ್ಸಾತು ಅಂತ ಅನ್ನಾಕತ್ತಿಲ್ಲ ನಾನು" ಎಂದರು. ಅವರು ಅನ್ನುತ್ತಿದ್ದದ್ದು ಅದನ್ನೇ.

ಬಳ್ಳಾರಿಯ ಕಣ್ಣಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಮೊದಲು ಬಲಗಣ್ಣು, ಅದರ ಗಾಯ ಮಾಗಿದ ಮೇಲೆ ಎಡಗಣ್ಣು. ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಇಟ್ಟರು. ಕಪ್ಪು ಕನ್ನಡಕ ಹಾಕಿಸಿ, ಹನಿ ಹಾಕಿಕೊಳ್ಳಲು ಹೇಳಿ ಕಳಿಸಿದರು. ಕನ್ನಡಕ ತೆಗೆಯಬಹುದೆಂದು ಹೇಳಿದ ದಿನ ಬೆಳಿಗ್ಗೆ ನಾನು ಅಂಗಳಕ್ಕೆ ಬಂದು ಮಾಡಿದ ಮೊದಲ ಕೆಲಸವೆಂದರೆ ಒಂದು ಜೀನ್ಸ್ ತುಂಡು ಎತ್ತಿಕೊಂಡು ನೋಡಿದ್ದು.

ಬಲಗಣ್ಣಿಗೆ ಒಂದು ನೀಲಿ. ಎಡಗಣ್ಣಿಗೆ ಬೇರೆಯದೇ ನೀಲಿ. ಎಡಗಣ್ಣಿನದು ಚಹಾದಲ್ಲಿ ಅದ್ದಿ ತೆಗೆದ ಹಾಗಿತ್ತು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತೆರೆದು, ಮತ್ತೆ ಅದಲು ಬದಲು ಮಾಡುತ್ತಾ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಒಂದೇ ಬಟ್ಟೆ, ಒಂದೇ ಬೆಳಕು, ನೋಡುವವನೂ ಒಬ್ಬನೇ. ಹಾಗಾದರೆ ಅದರ ಬಣ್ಣ ಯಾವುದು? ಇಷ್ಟು ವರ್ಷ ನಾನು ಬೇರೆ ಮಾಡಿ ಕಟ್ಟಿದ್ದು ಬಟ್ಟೆಯ ಬಣ್ಣವನ್ನೋ, ನನ್ನ ಪೊರೆಯ ಬಣ್ಣವನ್ನೋ? ಹೊಸ ಕಣ್ಣೇ ಸರಿ ಅನ್ನೋಣವೆಂದರೆ ಅದರಲ್ಲಿರುವುದು ಯಾರೋ ಮಾಡಿದ ಲೆನ್ಸು. ಮಾಡಿದವನು ಕೊಂಚ ಬೇರೆ ಥರ ಮಾಡಿದ್ದರೆ ನನ್ನ ಆಕಾಶವೂ ಕೊಂಚ ಬೇರೆಯಾಗುತ್ತಿತ್ತು. ನನಗೆ ನಗು ಬಂತು, ಭಯವೂ ಆಯಿತು. ಕಟಿಂಗ್ ಮಾಸ್ಟರ್ ಎದುರಿಗಿದ್ದರೆ ಆವತ್ತು ನಾನು ಸೋಲೊಪ್ಪಿಕೊಳ್ಳುತ್ತಿದ್ದೆನೋ ಏನೋ.

ಅಷ್ಟರಲ್ಲಿ ಹೆಂಡತಿ ಚಹಾ ತಂದಳು. "ಏನ್ರೀ ಅದು, ಹುಡುಗೀರಿಗೆ ಕಣ್ಣು ಹೊಡೆಯೋ ವಯಸ್ಸಾ ನಿಮಗೆ?" ಎಂದಳು.

"ನಿನಗೂ ಒಂದು ಹೊಡಿತೀನಿ ತಡಿ" ಎಂದು ತಿರುಗಿ, ಎಡಗಣ್ಣು ಮುಚ್ಚಿ ಅವಳನ್ನು ನೋಡಿದೆ.

ಹಳದಿ. ಅರಿಶಿನ ಹಚ್ಚುವ ಮೊದಲಿನ ಮುಖ, ಆಗಷ್ಟೇ ಎದ್ದು ತೊಳೆದುಕೊಂಡ ಮುಖ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ಅದೇ ಮೊದಲಿನ ಅವಳು, ಎಣ್ಣೆಗೆಂಪಿನ ಮುಖ. ಮತ್ತೆ ಹೊಸ ಕಣ್ಣು. ಮತ್ತೆ ಹಳದಿ. ಸ್ವಲ್ಪ ದಿನ ಬಣ್ಣಗಳು ವಿಚಿತ್ರವಾಗಿ ಕಾಣುತ್ತವೆ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದರು. ಆ ಮಾತನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಆದರೆ ನನ್ನ ಕೆಲಸ ನನ್ನನ್ನು ಬಿಡಲಿಲ್ಲ. ಹೊಸ ಕಣ್ಣಿನಲ್ಲಿ ಎಲ್ಲವೂ ನೀಲಿಯ ಕಡೆಗೆ ಸರಿದಿತ್ತು. ಸುಣ್ಣದ ಗೋಡೆ, ನನ್ನ ಪಂಚೆ, ಅನ್ನ, ಹಾಲು, ಎಲ್ಲ ಬಿಳಿಗೂ ನೀಲಿಯ ಛಾಯೆ ಬಂದಿತ್ತು. ಅವಳೊಬ್ಬಳೇ ಹಳದಿಯ ಕಡೆಗೆ ಹೋಗಿದ್ದಳು. ಕಣ್ಣಿನ ದೋಷವಾಗಿದ್ದರೆ ಅವಳೂ ಎಲ್ಲದರ ಜೊತೆ ನೀಲಿಯ ಕಡೆಗೇ ಬರಬೇಕಿತ್ತು.

ಆ ಚಹಾ ಕುಡಿಯಲಾಗಲಿಲ್ಲ. ಕಾರ್ಖಾನೆಯಿಂದ ತಂದಿದ್ದ ಜೇಬಿನ ಬಟ್ಟೆಯ ತುಂಡೊಂದು ಮನೆಯಲ್ಲಿತ್ತು. ಅವಳನ್ನು ಗೋಡೆಯ ನೆರಳಿಗೆ ಕರೆದು ನಿಲ್ಲಿಸಿ, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು, ಬಿಳಿ ಬಟ್ಟೆಯ ಅಂಚನ್ನು ಅವಳ ಕಣ್ಣಿನ ಪಕ್ಕಕ್ಕೆ ಹಿಡಿದೆ. ಒಮ್ಮೆ ನೋಡಿದೆ. ಮುಖ ತಿರುಗಿಸಿ ಗೋಡೆ ನೋಡಿದೆ. ಮತ್ತೆ ನೋಡಿದೆ. ಕಣ್ಣಿನ ಬಿಳಿಗುಡ್ಡೆಗೆ ಯಾರೂ ಅರಿಶಿನ ಹಚ್ಚುವುದಿಲ್ಲ.

"ಏನು ನೋಡ್ತಾ ಇದೀರ? ಕಸ ಬಿದ್ದೈತಾ?" ಎಂದಳು.

"ನಿನ್ನ ಕಣ್ಣು ಹಳದಿ ಆಗ್ಯಾವು. ಹಳೇ ಕಣ್ಣಿಗೆ ಮೊದಲಿನಂಗ ಕಾಣ್ತಿ, ಹೊಸದಕ್ಕ ಹಳದಿ."

"ನಿಮ್ಮ ಕಣ್ಣು ಹೊಸದು. ಅದಕ್ಕೇನ್ ಗೊತ್ತು ನನ್ ಕಣ್ಣು ಹೆಂಗಿತ್ತೂಂತ?"

ಅವಳು ನಗುತ್ತಲೇ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯ ಮುಂದೆ ನಿಂತಿದ್ದಳು. ಕುಂಕುಮ ಇಡುವಷ್ಟು ಹೊತ್ತು ಮಾತ್ರ ಅವಳು ಕನ್ನಡಿ ನೋಡುತ್ತಿದ್ದದ್ದು. ಅವತ್ತು ತುಂಬಾ ಹೊತ್ತು ನಿಂತಳು. ಮಧ್ಯಾಹ್ನ ಊಟ ಸೇರಲಿಲ್ಲ ಎಂದಳು. ಯೋಚಿಸಿ ನೋಡಿದರೆ ಅದಕ್ಕೂ ಹಿಂದೆ ಎಷ್ಟೋ ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಸೆಕೆ ಎನ್ನುತ್ತಿದ್ದಳು, ನಾನು ಹೌದೆನ್ನುತ್ತಿದ್ದೆ.

ಕಣೇಕಲ್ಲಿಗೆ ಕೊಟ್ಟಿರುವ ನಮ್ಮ ಮಗಳು ಸುದ್ದಿ ಕೇಳಿ ಬಂದಳು. ಕಾಮಾಲೆಗೆ ಎಲೆಯ ರಸ ಕೊಡುವ ಒಂದು ಹಳ್ಳಿಗೆ ಮೊದಲು ಹೋದೆವು. ಉಪ್ಪು, ಎಣ್ಣೆ ಬಿಡಿಸಿದರು. ಅವಳು ಅರಿಶಿನವನ್ನೂ ಬಿಟ್ಟಳು. ಅರಿಶಿನವಿಲ್ಲದ ಅವಳ ಮುಖ ಮೊದಲಿಗಿಂತ ಹಳದಿಯಾಗಿತ್ತು. ಆಮೇಲೆ ಮಗಳು ಹಟ ಹಿಡಿದು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ಡಿ. ಹಿರೇಹಾಳ್ ದಾಟಿ ಓಬಳಾಪುರದ ಹತ್ತಿರ ರಸ್ತೆಯ ಪಕ್ಕದ ಮರಗಳೆಲ್ಲಾ ಅದಿರಿನ ಧೂಳಿಗೆ ಕೆಂಪಾಗಿರುತ್ತವೆ. ಬಸ್ಸಿನ ಕಿಟಕಿಯಿಂದ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಆ ಕೆಂಪು ಎರಡು ಕಣ್ಣಿಗೂ ಹೆಚ್ಚುಕಡಿಮೆ ಒಂದೇ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಸ್ಕ್ಯಾನಿಂಗ್ ಆಯಿತು. ಡಾಕ್ಟರು ನನ್ನನ್ನೂ ಮಗಳನ್ನೂ ಒಳಗೆ ಕರೆದರು. ಪಿತ್ತ ಇಳಿಯುವ ದಾರಿಯ ಮೇಲೆ ಗಂಟು ಬೆಳೆದಿದೆ, ಲಿವರಿಗೂ ಹರಡಿದೆ, ತೆಗೆಯುವ ಹಂತದಲ್ಲಿಲ್ಲ ಎಂದರು. ಒಂದು ನಳಿಗೆ ಇಟ್ಟರೆ ಪಿತ್ತ ಇಳಿದು ಹಳದಿ ಕಡಿಮೆಯಾಗುತ್ತದೆ, ನವೆ ಹೋಗುತ್ತದೆ. ಆದರೆ ಗಂಟು ಗಂಟೇ.

ಮಗಳು ಅಳುತ್ತಿದ್ದಳು. ನಾನು ಒಂದು ಹುಚ್ಚು ಪ್ರಶ್ನೆ ಕೇಳಿದೆ. "ಸಾರ್, ಯುಗಾದಿ ದಿನ ಆಕಿ ಹೋಳಿಗಿ ಮಾಡಿದ್ಲು. ನಾಕು ಮನಿಗೆ ಹಂಚಿ ಬಂದ್ಲು. ಓಣ್ಯಾಗ ಯಾರೂ ಏನೂ ಅನ್ನಲಿಲ್ಲ. ಅವತ್ತೂ ಇತ್ತೇನ್ರೀ ಇದು?"

"ಇದ್ದೇ ಇತ್ತಪ್ಪ" ಎಂದರು ಡಾಕ್ಟರು. "ನಮಗೆ ಕಂಡ ದಿನ ಹುಟ್ಟೋದಲ್ಲ ಅದು."

ನನ್ನ ಜೀವಮಾನದ ವಾದವನ್ನು ಯಾರೋ ಮೊದಲ ಬಾರಿಗೆ ಒಪ್ಪಿಕೊಂಡಿದ್ದರು. ಗೋದಾಮಿನ ಕತ್ತಲೆಯಲ್ಲೂ ನೀಲಿ ಇತ್ತು. ಆ ಯುಗಾದಿಯ ದಿನ ನಾನು ತುಪ್ಪ ಹಾಕಿಕೊಂಡು ಹೋಳಿಗೆ ತಿನ್ನುತ್ತಿದ್ದಾಗ, ಅವಳು ಇನ್ನೊಂದು ಬಡಿಸಲು ಬಗ್ಗಿದಾಗ, ಅದು ಅಲ್ಲಿತ್ತು. ನಾವು ನೋಡಲಿ ಬಿಡಲಿ, ತನ್ನ ಕೆಲಸ ತಾನು ಮಾಡುತ್ತಿತ್ತು. ನಾನು ಗೆದ್ದಿದ್ದೆ. ಇಂಥ ಗೆಲುವು ವೈರಿಗೂ ಬೇಡ.

ಹೆಂಡತಿಗೆ ಎಲ್ಲವನ್ನೂ ಹೇಳಲಿಲ್ಲ, ಆದರೆ ಆಸ್ಪತ್ರೆಯ ಹಾಸಿಗೆ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡುತ್ತದೆ. ನಳಿಗೆ ಇಡುವ ಹಿಂದಿನ ದಿನ ಅವಳು ನನ್ನ ಮುಖವನ್ನೇ ನೋಡುತ್ತಾ, ತುಂಬ ಮೆತ್ತಗೆ, ಬೈಯುವ ದನಿಯಲ್ಲಲ್ಲ, ಒಂದು ಮಾತು ಹೇಳಿದಳು.

"ನಾನ್ ಚೆನ್ನಾಗೇ ಇದ್ನಲ್ರೀ. ನೀವು ಆ ಕಣ್ಣು ಬಿಚ್ಚಿ ನೋಡಿದ್ ದಿನದಿಂದ್ಲೇ ಅಲ್ವಾ ಇದೆಲ್ಲಾ?"

ನನಗೆ ಕೋಪ ಬಂತು. ಅಲ್ಲ ಎಂದು ಕೂಗಬೇಕೆನಿಸಿತು. ಆದರೆ ಅವಳ ಕಡೆಯಿಂದ ಲೆಕ್ಕ ಹಾಕಿದರೆ ಅವಳು ಹೇಳಿದ್ದರಲ್ಲಿ ಏನು ತಪ್ಪಿತ್ತು? ನಾನು ನೋಡುವ ತನಕ ಅವಳು ನೀರು ಸೇದಿದಳು, ರೊಟ್ಟಿ ಬಡಿದಳು, ಅರಿಶಿನದವನನ್ನು ಬೈದಳು. ನಾನು ನೋಡಿದ ಮೇಲೆ ಮಲಗಿದಳು. ನಡುವೆ ನಡೆದದ್ದು ಒಂದೇ, ನನ್ನ ಹೊಸ ಕಣ್ಣು ಅವಳ ಮೇಲೆ ಬಿದ್ದದ್ದು. ಹೊಸಬರ ಕಣ್ಣಿನಿಂದ ಹುಳುವಿನ ಮನೆಯನ್ನು ಕಾಪಾಡುತ್ತಾ ಬೆಳೆದವಳಿಗೆ ಇದಕ್ಕಿಂತ ಸ್ಪಷ್ಟವಾದ ಕಾರಣ ಇನ್ನೆಲ್ಲಿ ಸಿಗಬೇಕು?

"ಆ ಕಣ್ಣಿಂದ ನನ್ನ ನೋಡ್ಬೇಡಿ" ಎಂದಳು. "ಹಳೇ ಕಣ್ಣಿಂದ ನೋಡಿ. ಅದರಲ್ಲಿ ನಾನು ಮೊದಲಿನಂಗೇ ಇದೀನಿ ಅಂದ್ರಲ್ಲ, ಅದರಲ್ಲೇ ಇರ್ತೀನಿ."

ಅವತ್ತಿನಿಂದ ಅವಳ ಮುಂದೆ ಹೋಗುವಾಗಲೆಲ್ಲ ನಾನು ಬಲಗಣ್ಣಿಗೆ ಬಟ್ಟೆ ಕಟ್ಟಿಕೊಳ್ಳತೊಡಗಿದೆ. ಮಗಳಿಗೆ ಇದು ಹುಚ್ಚಾಟ. "ಅಪ್ಪಾ, ಆಪರೇಷನ್ ಆದ ಕಣ್ಣು ಅದು. ಆಕಿ ಹೇಳಿದ್ರ ನೀ ಯಾಕ ಕೇಳ್ತೀ?" ಎಂದು ಬೈದಳು. ಯಾಕೆ ಕೇಳುತ್ತೇನೆಂದರೆ ಬೇರೇನೂ ಮಾಡಲು ನನ್ನ ಕೈಯಲ್ಲಿರಲಿಲ್ಲ. ಎಡಗಣ್ಣಿನ ಆಪರೇಷನ್ನಿಗೆ ಬರಲು ಆಸ್ಪತ್ರೆಯವರು ಫೋನ್ ಮಾಡಿದಾಗ ಆಮೇಲೆ ನೋಡೋಣ ಎಂದೆ. ಆ ಪೊರೆಯೊಳಗೆ ನನ್ನ ಹೆಂಡತಿ ಎಣ್ಣೆಗೆಂಪಾಗಿ, ಆರೋಗ್ಯವಾಗಿ ಇದ್ದಳು. ಅದನ್ನು ಹೇಗೆ ತೆಗೆಸಲಿ?

ನಳಿಗೆ ಇಟ್ಟ ಮೇಲೆ ನಿಜವಾಗಿಯೂ ಅವಳ ನವೆ ಹೋಯಿತು. ಎರಡು ತುತ್ತು ಹೆಚ್ಚಿಗೆ ಉಂಡಳು. ಹಳದಿ ಇಳಿದಿದೆ ಎಂದು ಮಗಳು ಹೇಳಿದಳು, ಓಣಿಯವರೂ ಹೇಳಿದರು. ನಾನು ಮಾತು ಕೊಟ್ಟಿದ್ದರಿಂದ ನೋಡಲಿಲ್ಲ. ಅವಳ ಸಂತೋಷ ಹೇಳತೀರದು.

"ನೋಡಿದ್ರಾ? ಆ ಕಣ್ಣು ಕಟ್ಟಿದ್ರಿ, ಇದು ಇಳೀತು. ನಾನ್ ಹೇಳಿದ್ರೆ ನಗ್ತಿದ್ರಿ."

ನಳಿಗೆಯಿಂದ ಇಳಿಯಿತು ಎಂದು ಹೇಳಬಹುದಿತ್ತು. ಗಂಟು ಹಾಗೇ ಇದೆ, ಬರೀ ಬಣ್ಣ ಹೋಗಿದೆ ಎಂದೂ ಹೇಳಬಹುದಿತ್ತು. ಬಣ್ಣವಿಲ್ಲದೆಯೂ ವಸ್ತು ಇರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಹ್ಞೂಂ ಎಂದೆ. ಅವಳು ಎದ್ದು ಕುಳಿತು, ತವರಿಗೆ ಹೋಗಿಬರೋಣ ಎಂದಳು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಕ್ಕೆ ಹೋದೆವು. ಬಸ್ಸಿನಲ್ಲಿ ಎಲ್ಲರೂ ನನ್ನ ಕಣ್ಣಿನ ಪಟ್ಟಿಯನ್ನು ನೋಡಿ ನನಗೇ ಕಾಯಿಲೆ ಎಂದುಕೊಂಡು ಸೀಟು ಬಿಟ್ಟುಕೊಟ್ಟರು. ಅವಳಿಗೆ ಅದು ತಮಾಷೆ. ಒಬ್ಬ ಮುದುಕಿ ತೆಲುಗಿನಲ್ಲಿ ನನಗೆ ಏನಾಯಿತೆಂದು ಕೇಳಿದಾಗ ಇವಳೇ ಪಟಪಟ ತೆಲುಗಿನಲ್ಲಿ ಉತ್ತರ ಕೊಟ್ಟಳು, ನನ್ನನ್ನು ಆಸ್ಪತ್ರೆಯಿಂದ ಕರೆದೊಯ್ಯುತ್ತಿರುವ ಆರೋಗ್ಯವಂತ ಹೆಂಡತಿಯ ಹಾಗೆ. ಅಷ್ಟು ಖುಷಿಯಾಗಿ ಅವಳನ್ನು ಆಮೇಲೆ ನಾನು ಕಾಣಲಿಲ್ಲ.

ತವರಿನಲ್ಲಿ ಈಗ ಹುಳು ಸಾಕುವವನು ಅವಳ ತಮ್ಮ. ನಾವು ಹೋದಾಗ ಹುಳು ಹಣ್ಣಾಗುವ ಸಮಯ. ಹಣ್ಣಾದ ಹುಳು ಸೊಪ್ಪು ಬಿಡುತ್ತದೆ, ಮೈಯ ಹಸಿರು ಬಿಳುಪು ಹೋಗಿ ಒಳಗಿನಿಂದ ಹಳದಿಯಾಗಿ ಹೊಳೆಯುತ್ತದೆ. ಅಂಥವನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮನೆಯವರೆಲ್ಲಾ ಆ ಕೆಲಸದಲ್ಲಿದ್ದರು. ಅವಳು ಆ ಕೋಣೆಯಲ್ಲೇ ಬೆಳೆದವಳು, ಆದರೆ ಹೊಸ್ತಿಲ ಹೊರಗೇ ನಿಂತಳು.

"ಬಾ ಅಕ್ಕ, ನೀನೇನ್ ಹೊಸಬಳಾ?" ಎಂದು ತಮ್ಮ ಕರೆದ.

"ಬ್ಯಾಡ ಕಣೋ. ನನಗೆ ಮೈ ಸರಿಯಿಲ್ಲ. ಹುಳಕ್ಕೆ ಏನಾದ್ರೂ ಆದ್ರೆ?" ಎಂದಳು. ಅಂಗಳದ ಕಟ್ಟೆಯ ಮೇಲೆ ಕುಳಿತು, ಇನ್ನೂ ಹಣ್ಣಾಗದ ಹುಳುಗಳು ಒಳಗೆ ಸೊಪ್ಪು ಮೇಯುವ ಸದ್ದಿಗೆ ಕಿವಿ ಕೊಟ್ಟಳು. ನನಗೆ ಕೇಳಿಸುತ್ತದೆಯೇ ಎಂದು ಕೇಳಿದಳು. ಕೇಳಿಸುತ್ತದೆ ಎಂದೆ.

ಅಲ್ಲಿದ್ದ ದಿನಗಳಲ್ಲೇ ಒಂದು ಬೆಳಿಗ್ಗೆ ಅವಳ ತಮ್ಮ ನನ್ನನ್ನು ಹಿಪ್ಪುನೇರಳೆ ಸಾಲುಗಳ ಕಡೆಗೆ ಕರೆದುಕೊಂಡು ಹೋದ. ಸುಮ್ಮನೆ ಒಂದು ಎಲೆ ಕಿತ್ತ, ಮಡಚಿದ, ಎಸೆದ.

"ಬಾವ, ಅಕ್ಕನ ಕಣ್ಣು ನೋಡಿದ್ರಾ?"

"ಇಲ್ಲಪ್ಪ. ಆಕಿ ನೋಡಬ್ಯಾಡ ಅಂದಾಳ."

"ಮತ್ತೆ ಹಳದಿ ಬಂದೈತೆ ಬಾವ. ನೀವು ಬಂದಾಗ ಇರಲಿಲ್ಲ. ದಿನಾ ಹಣ್ಣಾದ ಹುಳ ಆರಿಸೋನು ನಾನು, ನಂಗೆ ಗೊತ್ತಾಗಲ್ವಾ?"

ನಾನು ತೋಟದ ಕಡೆ ತಿರುಗಿದೆ. ಎಡಗಣ್ಣಿನಲ್ಲಿ ತೋಟ ಎಂದಿನಂತೆ ಮಬ್ಬಾಗಿ, ಬೆಚ್ಚಗೆ ಇತ್ತು. ನಾನು ಬಟ್ಟೆ ಬಿಚ್ಚಿರಲಿಲ್ಲ. ಅವಳು ನಿದ್ದೆ ಹೋದಾಗಲೂ ಬಿಚ್ಚಿರಲಿಲ್ಲ. ಮಾತು ಕೊಟ್ಟ ಮೇಲೆ ಒಂದು ಸಲವೂ, ಒಂದು ಕ್ಷಣವೂ ಆ ಕಣ್ಣಿನಿಂದ ಅವಳನ್ನು ನೋಡಿರಲಿಲ್ಲ. ಆದರೂ ಅದು ಬಂದಿತ್ತು.

ಅಂಗಳಕ್ಕೆ ಬಂದಾಗ ಅವಳ ಕೈಯಲ್ಲಿ ತಮ್ಮನ ಮನೆಯ ಚಿಕ್ಕ ಕನ್ನಡಿಯಿತ್ತು. ಹೊರಬಾಗಿಲ ಬೆಳಕಿಗೆ ಹಿಡಿದುಕೊಂಡು ಕೆಳರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದಳು, ನಾನು ಎಳೆದು ನೋಡಿದ್ದ ಹಾಗೆಯೇ. ನನ್ನನ್ನು ಕಂಡು ಕನ್ನಡಿಯನ್ನು ಮಡಿಲಲ್ಲಿ ಬೋರಲು ಹಾಕಿದಳು. ಅವಳ ಮುಖದಲ್ಲಿ ಕೋಪವಿತ್ತು. ನಾನು ಮಾತು ತಪ್ಪಿದ್ದೇನೆ ಎಂಬ ಕೋಪ, ಸಿಕ್ಕಿಬಿದ್ದಿರಿ ಎನ್ನುವಂಥ ಕೋಪ. ಈಗ ಯೋಚಿಸಿದರೆ ಅದರಲ್ಲಿ ಜೀವವಿತ್ತು.

"ಬಿಚ್ಚಿ ನೋಡಿದ್ರಲ್ವಾ?" ಎಂದಳು. "ನಾನು ಮಲಗಿದ್ದಾಗ ನೋಡಿದೀರ. ನಿಜ ಹೇಳಿ."

"ಇಲ್ಲ."

"ಬಸ್ಸಲ್ಲಿ?"

"ಇಲ್ಲ. ನಿನ್ನಾಣಿ, ಒಮ್ಮೆನೂ ನೋಡಿಲ್ಲ ನಾನು."

ಎಷ್ಟು ಹೆಮ್ಮೆಯಿಂದ ಹೇಳಿದೆ! ಜೀವನದಲ್ಲಿ ಅಷ್ಟು ಸತ್ಯವಾದ ಮಾತನ್ನು ಅವಳಿಗೆ ನಾನು ಹೇಳಿರಲಿಲ್ಲ. ನಾನು ನಿಯತ್ತಿನಿಂದ ಇದ್ದೇನೆಂದು ಗೊತ್ತಾದರೆ ಅವಳ ಕೋಪ ಇಳಿಯುತ್ತದೆ ಎಂದುಕೊಂಡೆ. ಕೋಪ ಇಳಿಯಿತು. ಅದರ ಹಿಂದೆ ಇದ್ದದ್ದೂ ಇಳಿದುಹೋಯಿತು. ಅವಳು ನನ್ನ ಮುಖ ನೋಡಿದಳು, ನಾನು ಸುಳ್ಳು ಹೇಳುತ್ತಿಲ್ಲ ಎಂಬುದು ಅವಳಿಗೆ ಕಂಡಿತು. ಆಗಲೇ ನನಗೆ ಹೊಳೆದದ್ದು, ಹೌದು ನೋಡಿದೆ ಎಂದಿದ್ದರೆ ಅವಳು ನನ್ನನ್ನು ವಾಚಾಮಗೋಚರ ಬೈಯುತ್ತಿದ್ದಳು, ಇನ್ನೂ ಬಿಗಿಯಾಗಿ ಬಟ್ಟೆ ಕಟ್ಟಿಸುತ್ತಿದ್ದಳು, ಮತ್ತೆ ಇಳಿಯುತ್ತದೆ ಎಂದು ಕಾಯುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ನನ್ನ ತಪ್ಪು. ಅದೊಂದನ್ನು ನಾನು ಕೊಡಲಿಲ್ಲ.

"ಹಂಗಾದ್ರೆ ಇದು ತಾನಾಗೇ ಐತೆ" ಎಂದಳು.

ಒಳಗೆ ಎಳೆಯ ಹುಳುಗಳು ಮೇಯುವ ಸದ್ದು ನಡೆದೇ ಇತ್ತು. ಅವಳು ಹತ್ತಿರ ಬರುವಂತೆ ಕೈ ಮಾಡಿದಳು. ನಾನು ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತೆ. ಅವಳು ಎರಡೂ ಕೈಯನ್ನು ನನ್ನ ತಲೆಯ ಹಿಂದಕ್ಕೆ ಒಯ್ದು ಗಂಟು ಬಿಚ್ಚತೊಡಗಿದಳು. ಬೆರಳಿನಲ್ಲಿ ಕಸುವಿರಲಿಲ್ಲ, ಹೊತ್ತು ಹಿಡಿಯಿತು. ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು.

"ನೋಡಿ ಇನ್ನ" ಎಂದಳು.